ನಿಂತ ಪಂಪು, ನಿಲ್ಲಿಸಿದ ಪಂಪು

ನಮ್ಮ ಚಿಕ್ಕಪ್ಪನಿಗೆ ‘ಒಳ್ಳೇ ಕ್ರಿಯಾಪದ’ ಎಂಬ ಅಡ್ಡಹೆಸರು ಬಿದ್ದದ್ದು ಹೈಸ್ಕೂಲಿನ ಮೊದಲ ವರ್ಷದಲ್ಲಿ. ಇಂಗ್ಲಿಷ್ ಮೇಷ್ಟರು ಬೋರ್ಡಿನ ಮೇಲೆ ‘ರನ್’ ಎಂದು ಬರೆದು, ಇದು ಎಂಥ ಕ್ರಿಯಾಪದ ಎಂದು ಕೇಳಿದರಂತೆ. ಚಿಕ್ಕಪ್ಪ ಎದ್ದು ನಿಂತು, ಕೈ ಕಟ್ಟಿಕೊಂಡು, ಬಹಳ ವಿನಯದಿಂದ “ಒಳ್ಳೇ ಕ್ರಿಯಾಪದ ಸಾರ್” ಎಂದರಂತೆ. ಮೇಷ್ಟರ ಕೈಯಲ್ಲಿದ್ದ ಸೀಮೆಸುಣ್ಣ ಹಾರಿ ಬಂದು ಹಣೆಗೆ ಬಡಿಯಿತು. ಆಮೇಲೆ ಚಿಕ್ಕಪ್ಪ ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದು ಶಾಲೆಗೆ ಕೈಮುಗಿದರು. ಅವರು ಪಾಸಾಗದಿದ್ದರೂ ಅವರ ಅಡ್ಡಹೆಸರು ಮಾತ್ರ ಎಲ್ಲ ತರಗತಿಗಳಲ್ಲೂ ಪಾಸಾಯಿತು, ಬೀದಿಗೂ ಬಂತು, ಮದುವೆಯ ದಿನ ಚಿಕ್ಕಮ್ಮನ ಕಿವಿಗೂ ಬಿತ್ತು.

ಇಪ್ಪತ್ತೇಳನೆಯ ವಯಸ್ಸಿಗೆ ಅವರು ನೀರು ಸರಬರಾಜಿನ ಪಂಪ್ ಹೌಸಿಗೆ ಸೇರಿದರು. ಅದು ಎತ್ತರದ ಛಾವಣಿಯ ಒಂದೇ ಕೋಣೆ. ಸಿಮೆಂಟಿನ ಕಟ್ಟೆಯ ಮೇಲೆ ಹಸಿರು ಬಣ್ಣದ ಮೋಟಾರು, ಅದರ ಮಗ್ಗುಲಲ್ಲಿ ಪಂಪು, ಎರಡರ ನಡುವೆ ಕೈಕೈ ಹಿಡಿಸಿದ ಹಾಗೆ ಒಂದು ಕಪ್ಲಿಂಗ್. ಗೋಡೆಯ ಮೇಲೆ ಸ್ಟಾರ್ಟರ್ ಪೆಟ್ಟಿಗೆ, ಅದಕ್ಕೊಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಕೆಂಪು ಗುಂಡಿ ಚಿಕ್ಕಪ್ಪನ ಹೆಬ್ಬೆರಳು ತಾಗಿ ತಾಗಿ ಬಣ್ಣ ಬಿಟ್ಟು ಬಿಳಿಚಿಕೊಂಡಿತ್ತು. ಬೆಳಿಗ್ಗೆ ಐದಕ್ಕೆ ಪಂಪ್ ಶುರು, ಒಂಬತ್ತಕ್ಕೆ ಬಂದ್. ಸಂಜೆ ನಾಲ್ಕಕ್ಕೆ ಶುರು, ಏಳಕ್ಕೆ ಬಂದ್. ಮೂವತ್ತೊಂದು ವರ್ಷ ಅವರ ಊಟ, ನಿದ್ದೆ, ನೆಂಟರ ಮನೆಯ ಭೇಟಿ ಎಲ್ಲವೂ ಈ ನಾಲ್ಕು ಹೊತ್ತುಗಳ ಸಂದಿಯಲ್ಲೇ ನಡೆದವು.

“ನಮ್ಮ ಕೆಲ್ಸ ಯಾರಿಗೂ ಗೊತ್ತಾಗಬಾರ್ದು. ಗೊತ್ತಾಯ್ತು ಅಂದ್ರೆ ನೀರು ಬಂದಿಲ್ಲ ಅಂತ ಅರ್ಥ,” ಎನ್ನುತ್ತಿದ್ದರು. ಮನೆಯಲ್ಲಿ ಕುಳಿತಿದ್ದರೂ ನಲ್ಲಿಯ ಸದ್ದಿಗೆ ಕಿವಿ ನಿಮಿರುತ್ತಿತ್ತು. ನಾವು ಕೂಗಿ ಕರೆದರೆ ಮಾತ್ರ ಕೇಳಿಸುತ್ತಿರಲಿಲ್ಲ. “ಕಿವೀನ ಪಂಪ್ ಹೌಸಲ್ಲೇ ಬಿಚ್ಚಿಟ್ಟು ಬರ್ತಾರೆ, ಬರೀ ಹೊಟ್ಟೆ ಮಾತ್ರ ಮನೆಗೆ ಬರುತ್ತೆ,” ಎಂದು ಚಿಕ್ಕಮ್ಮ ಗೊಣಗುತ್ತಿದ್ದರು.

ಇನ್ನು ನನ್ನ ವಿಚಾರ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುವವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೆಂಪು ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಮರೆತು ತರಕಾರಿ ಅಂಗಡಿಗೂ ಹೋಗಿ ಬಂದಿದ್ದೇನೆ. ಈ ಕತೆಯಲ್ಲಿ ಆದ ಅನಾಹುತಕ್ಕೆ ಆ ಪೆನ್ನೂ ಒಂದು ಕಾರಣ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಚಿಕ್ಕಪ್ಪನ ನಿವೃತ್ತಿಗೆ ಇನ್ನೂ ಐದಾರು ವರ್ಷ ಇರುವಾಗ ನೀರಿನ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಪಂಪ್ ಹೌಸಿನ ದಿನಚರಿ ಪುಸ್ತಕವನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಚಿಕ್ಕಪ್ಪ ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ನೇರ ನಮ್ಮ ಮನೆಗೆ ಬಂದರು. ಮುಖ ಸಪ್ಪಗಿತ್ತು.

“ಟೀಚರಮ್ಮ, ಆ ಸೀಮೆಸುಣ್ಣ ನಲವತ್ತು ವರ್ಷ ಆದ್ಮೇಲೆ ಮತ್ತೆ ಹಾರಿ ಬಂತು ಕಣೇ,” ಎಂದರು.

ಭಾನುವಾರದ ಬೆಳಿಗ್ಗೆಗಳಲ್ಲಿ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುವಾಯಿತು. ಕ್ರಿಯಾಪದಗಳಲ್ಲಿ ಬಗೆಗಳಿವೆ ಎಂದು ನಾನು ನನ್ನ ತರಗತಿಯ ದನಿಯಲ್ಲೇ ಹೇಳಿದೆ. ಕ್ರಿಯಾಪದದ ಮುಂದೆ ‘ಏನನ್ನು?’ ಎಂದು ಕೇಳಿ ನೋಡಿ. ಉತ್ತರ ಸಿಕ್ಕರೆ ಸಕರ್ಮಕ, ಸಿಗದಿದ್ದರೆ ಅಕರ್ಮಕ. ತಿಂದ, ಏನನ್ನು? ಹಣ್ಣನ್ನು. ಮಲಗಿದ, ಏನನ್ನು? ಏನೂ ಇಲ್ಲ.

ಚಿಕ್ಕಪ್ಪ ತೋರುಬೆರಳನ್ನು ಗಾಳಿಯಲ್ಲಿ ಗಿರ್ರನೆ ತಿರುಗಿಸಿ ಹೇಳಿದರು: “ಅಂದ್ರೆ, ಲೋಡ್ ಇರೋ ಮೋಟಾರು, ಲೋಡ್ ಇಲ್ದಿರೋ ಮೋಟಾರು.”

“ಏನಂದ್ರಿ?”

“ನೀರೆತ್ತುವಾಗ ಮೋಟಾರಿನ ಮೇಲೆ ಭಾರ ಬೀಳುತ್ತೆ. ಅದು ಲೋಡು. ಕಪ್ಲಿಂಗ್ ಬಿಚ್ಚಿಟ್ರೆ ಮೋಟಾರು ತನ್ನಷ್ಟಕ್ಕೆ ತಾನು ತಿರುಗುತ್ತೆ. ಅದು ನೋ ಲೋಡು. ಮಲಗೋದು ನೋ ಲೋಡು. ತಿನ್ನೋದು ಲೋಡು. ಸರಿನಾ?”

ಸರಿಯಾಗಿಯೇ ಇತ್ತು. ನಾನು ಸಹಾಯಕ ಕ್ರಿಯಾಪದ ಎಂದರೆ ಅವರು ಸ್ಟಾರ್ಟರ್ ಎಂದರು. ಅದು ತಾನಾಗಿ ಒಂದು ಹನಿ ನೀರನ್ನೂ ಎತ್ತುವುದಿಲ್ಲ, ಆದರೆ ಅದಿಲ್ಲದೆ ದೊಡ್ಡ ಮೋಟಾರು ಏಳುವುದೇ ಇಲ್ಲವಂತೆ. ‘ಈಸ್, ಆಮ್, ಆರ್’ ಎಂದರೆ ಕಪ್ಲಿಂಗ್ ಎಂದರು. ಅದು ಆ ಕಡೆಯದನ್ನೂ ಈ ಕಡೆಯದನ್ನೂ ಜೋಡಿಸುತ್ತದೆ, ಅಷ್ಟೇ. ಹದಿನಾಲ್ಕು ವರ್ಷದಿಂದ ಪಾಠ ಹೇಳುತ್ತಿರುವ ನನಗೆ ಇಷ್ಟು ಸಲೀಸಾಗಿ ಅರ್ಥ ಮಾಡಿಸಲು ಬಂದಿರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೂ ಸುಳ್ಳಲ್ಲ.

ಮೂರನೆಯ ಭಾನುವಾರ ಒಂದು ತೊಡಕು ಬಂತು. ‘ಸ್ಟಾಪ್’ ಯಾವ ಬಗೆ ಎಂದು ಕೇಳಿದರು. ಎರಡೂ ಹೌದು ಎಂದೆ. ಬಸ್ಸು ನಿಂತರೂ ಸ್ಟಾಪ್ಡ್, ಡ್ರೈವರ್ ಬಸ್ಸನ್ನು ನಿಲ್ಲಿಸಿದರೂ ಸ್ಟಾಪ್ಡ್. ‘ಬರ್ನ್’, ‘ಬ್ರೇಕ್’, ‘ಓಪನ್’ ಕೂಡ ಹಾಗೆಯೇ.

ಚಿಕ್ಕಪ್ಪ ಪೆನ್ನು ಕೆಳಗಿಟ್ಟರು. “ನಿಂತದ್ದಕ್ಕೂ ನಿಲ್ಲಿಸಿದ್ದಕ್ಕೂ ಒಂದೇ ಮಾತಾ? ಒಂದೇ ಸ್ವಿಚ್ಚಿಗೆ ಎರಡು ಲೈನ್ ಕೊಟ್ಟಿದಾರಾ? ಇದು ಡೇಂಜರ್ ಕಣೇ. ಯಾವತ್ತಾದ್ರೂ ಯಾರಿಗಾದ್ರೂ ಶಾಕ್ ಹೊಡೆಯುತ್ತೆ.”

“ಅದೆಲ್ಲ ನಿಮಗ್ಯಾಕೆ ಚಿಕ್ಕಪ್ಪ? ಹಿಂದೆಮುಂದೆ ಓದಿದ್ರೆ ಗೊತ್ತಾಗುತ್ತೆ,” ಎಂದು ನಾನು ಅವರ ಅಭ್ಯಾಸದ ಪುಸ್ತಕ ಎಳೆದುಕೊಂಡೆ. ಪ್ರತಿ ಸಾಲಿನ ಮೊದಲಿಗೂ ‘ಐ’ ಎಂದು ಬರೆದಿದ್ದರು. ಐ ಸ್ಟಾರ್ಟೆಡ್, ಐ ಓಪನ್ಡ್, ಐ ಪುಟ್ ಆಯಿಲ್. “ಇದೇನಿದು, ಸಾಲಿಗೊಂದು ನಾನು ನಾನು ಅಂತ? ಪುಸ್ತಕ ನಿಮ್ದು, ಸಹಿ ನಿಮ್ದು. ಚುಟುಕಾಗಿ ಬರೀರಿ,” ಎಂದು ಕೆಂಪು ಪೆನ್ನಿನಿಂದ ಎಲ್ಲ ‘ಐ’ಗಳನ್ನೂ ಹೊಡೆದು ಹಾಕಿದೆ. ಚಿಕ್ಕಪ್ಪ ನೋಡುತ್ತ ಕುಳಿತಿದ್ದರು. ಹೂಂ ಎಂದರು. ಅಲ್ಲಿಗೆ ಪಾಠ ಮುಗಿಯಿತು.

ಅವರ ನಿವೃತ್ತಿಗೆ ಎಂಟು ತಿಂಗಳಿರುವಾಗ ಆ ಶಾಕ್ ಹೊಡೆಯಿತು.

ಒಂದು ಮಂಗಳವಾರ ಬೆಳಿಗ್ಗೆ ಆರು ಹತ್ತಕ್ಕೆ ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಕಾಯಿಲ್ ಸುಟ್ಟು ಪಂಪ್ ನಿಂತುಹೋಯಿತು. ಚಿಕ್ಕಪ್ಪ ಕೂಡಲೇ ಆಫೀಸಿಗೆ ಫೋನ್ ಮಾಡಿದರು. ಹೊಸ ಕಾಯಿಲ್ ಹಿಡಿದುಕೊಂಡು ಎಂಜಿನಿಯರ್ ಬರುವ ಹೊತ್ತಿಗೆ ಹತ್ತು ದಾಟಿತ್ತು. ಪೈಪಿನ ಕೊನೆಯಲ್ಲಿ, ದಿಬ್ಬದ ಮೇಲೆ ದೊಡ್ಡಾಸ್ಪತ್ರೆ ಇದೆ. ಅಲ್ಲಿನ ಟ್ಯಾಂಕ್ ಖಾಲಿಯಾಗಿ, ಆ ಬೆಳಿಗ್ಗೆ ನಡೆಯಬೇಕಿದ್ದ ಮೂರು ಆಪರೇಷನ್‌ಗಳನ್ನು ಮುಂದೂಡಿದರು. ಯಾರ ಜೀವಕ್ಕೂ ತೊಂದರೆಯಾಗಲಿಲ್ಲ, ಆದರೆ ದೊಡ್ಡ ಗಲಾಟೆಯಾಯಿತು. ದೊಡ್ಡ ಗಲಾಟೆಯಾದರೆ ಯಾರದಾದರೂ ತಪ್ಪು ಇರಲೇಬೇಕಲ್ಲ. ಮೇಲಿನವರು ದಿನಚರಿ ಪುಸ್ತಕ ತರಿಸಿ ನೋಡಿದರು. ಅಲ್ಲಿ ಚಿಕ್ಕಪ್ಪನ ಗುಂಡು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ‘6.10. ಸ್ಟಾಪ್ಡ್ ಪಂಪ್. ಬರ್ನ್ಟ್ ಕಾಯಿಲ್.’

ವಾರದೊಳಗೆ ಆರೋಪಪಟ್ಟಿ ಬಂತು. ಒಂದು, ಕಾರಣವಿಲ್ಲದೆ ಪಂಪನ್ನು ನಿಲ್ಲಿಸಿದ್ದು. ಎರಡು, ಕಾಯಿಲನ್ನು ಸುಟ್ಟದ್ದು. ಎರಡನ್ನೂ ಸ್ವಂತ ಕೈಬರಹದಲ್ಲೇ ಒಪ್ಪಿಕೊಂಡಿರುವುದರಿಂದ ಕೆಲಸದಿಂದ ಏಕೆ ವಜಾ ಮಾಡಬಾರದು?

ಆ ಕಾಗದವನ್ನು ನಾನು ಎರಡೆರಡು ಸಲ ಓದಿದೆ. ಚಿಕ್ಕಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಓದಲು ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡಿದರು. “ಮೂವತ್ತೊಂದು ವರ್ಷ ಜ್ವರ ಬಂದ್ರೂ ಕಂಬಳಿ ಹೊದ್ಕೊಂಡು ಹೋಗಿ ನೀರು ಬಿಟ್ಟಿದಾರೆ ಇವ್ರು. ಆಸ್ಪತ್ರೆಗೆ ನೀರು ನಿಲ್ಸಿದ್ರು ಅಂತ ಯಾವ ಬಾಯಿಂದ ಅಂತಾರೆ?” ಎಂದು ಅತ್ತುಬಿಟ್ಟರು. ಚಿಕ್ಕಪ್ಪನಿಗೂ ಕೆಲಸ ಹೋಗುವುದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಅದೇ. ರೋಗಿಗಳ ನೀರು ನಿಲ್ಲಿಸಿದವನು ಎಂದು ಕಾಗದದ ಮೇಲೆ ಉಳಿದು, ತಲೆ ತಗ್ಗಿಸಿ ಆ ಕೋಣೆಯಿಂದ ಹೊರಗೆ ಬರಬೇಕಾದೀತು ಎಂಬ ಭಯ.

“ಯಾಕೆ ಚಿಕ್ಕಪ್ಪ ಹಾಗೆ ಬರೆದ್ರಿ?” ಎಂದು ನಾನು ರೇಗಿದೆ. “‘ಪಂಪ್ ಸ್ಟಾಪ್ಡ್’ ಅಂತ ಬರೀಬೇಕಿತ್ತು!”

ಚಿಕ್ಕಪ್ಪ ಜೀವಮಾನದಲ್ಲಿ ಮೊದಲ ಸಲ ನನ್ನ ಮೇಲೆ ದನಿ ಎತ್ತಿದರು. “ಪಂಪ್ ಸ್ಟಾಪ್ಡ್ ಅಂತ ಹೆಂಗೆ ಬರೀಲಿ? ನಾನು ನಿಲ್ಸಿಲ್ವಲ್ಲ! ಅದೇ ನಿಂತಿದ್ದು! ಅದಕ್ಕೇ ಸ್ಟಾಪ್ಡ್ ಪಂಪ್ ಅಂತ ಬರೆದಿದೀನಿ!”

ಪಾಪ, ತಲೆ ಕೆಟ್ಟಿದೆ, ಉಲ್ಟಾಪಲ್ಟಾ ಮಾತಾಡುತ್ತಿದ್ದಾರೆ ಎಂದುಕೊಂಡೆ. ಅವರು ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿ ಬಿಚ್ಚಿಟ್ಟು ಬರುವ ಅಭ್ಯಾಸ ನನಗೂ ಇದೆ.

ವಿಚಾರಣೆಗೆ ಸಹಾಯಕ್ಕೆಂದು ಒಬ್ಬರನ್ನು ಕರೆದುಕೊಂಡು ಬರಬಹುದು, ಹಳೆಯ ಪುಸ್ತಕಗಳನ್ನು ಮೊದಲೇ ನೋಡಬಹುದು ಎಂದು ಆ ಕಾಗದದ ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು. ಶಾಲೆಗೆ ರಜೆ ಹಾಕಿ ನಾನು ಇಲಾಖೆಯ ಕಡತದ ಕೋಣೆಗೆ ಹೋದೆ. ಐದು ವರ್ಷದ ಹತ್ತು ದಪ್ಪ ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿ ಕೊಟ್ಟರು. ಗುಮಾಸ್ತರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ನಾನು ಪೆನ್ನು ತೆಗೆಯದಂತೆ ಕಾವಲು ಕುಳಿತರು. ಒಳ್ಳೆಯದೇ ಆಯಿತು. ಪುಟಕ್ಕೆ ಹತ್ತು ತಪ್ಪು ಕಾಣುತ್ತಿತ್ತು, ಬೆರಳು ತುರಿಸುತ್ತಿತ್ತು.

‘ವಾಲ್ವ್ ಓಪನ್ಡ್. ಪಂಪ್ ಸ್ಟಾರ್ಟೆಡ್. ಆಯಿಲ್ ಪುಟ್. ಪಂಪ್ ಸ್ಟಾಪ್ಡ್.’ ಮಾರನೆಯ ದಿನವೂ ಅದೇ. ಅದರ ಮರುದಿನವೂ ಅದೇ. ಮಧ್ಯೆ ಎಲ್ಲೋ ‘ಲೀಕ್ಡ್ ಪೈಪ್’. ಒಂದು ಕಡೆ ‘ಫಾಲನ್ ಬ್ರಾಂಚ್’. ಹೀಗೆ ಎರಡು ಗಂಟೆ ತಿರುವುತ್ತಿದ್ದಾಗ ಮೂರನೆಯ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು: ‘ಡೈಡ್ ರ‍್ಯಾಟ್. ಟ್ಯಾಂಕ್ ಕ್ಲೀನ್ಡ್.’

ಮೊದಲು ನಗು ಬಂತು. ಗುಮಾಸ್ತರು ನನ್ನನ್ನು ಗುರಾಯಿಸುವಷ್ಟು ಜೋರಾಗಿ ನಕ್ಕೆ. ಸತ್ತ ಇಲಿ, ಡೈಡ್ ರ‍್ಯಾಟ್! ಎಂಥ ವಿದ್ಯಾರ್ಥಿಯನ್ನು ತಯಾರು ಮಾಡಿದೆ ನಾನು! ಆಮೇಲೆ ಅದೇ ಬಾಯಿಯಲ್ಲಿ ಇನ್ನೊಂದು ಸಲ ಹೇಳಿಕೊಂಡೆ. ಸತ್ತ ಇಲಿ. ಬಿದ್ದ ಕೊಂಬೆ. ಸೋರಿದ ಪೈಪು. ನಿಂತ ಪಂಪು. ಸುಟ್ಟ ಕಾಯಿಲ್.

ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡೆ. ಹಾಗಾದರೆ ಇನ್ನೊಂದು ಬಗೆ? ಟ್ಯಾಂಕ್ ಕ್ಲೀನ್ಡ್: ಟ್ಯಾಂಕ್ ತೊಳೆದೆ. ವಾಲ್ವ್ ಓಪನ್ಡ್: ವಾಲ್ವ್ ತೆರೆದೆ. ಪಂಪ್ ಸ್ಟಾಪ್ಡ್: ಪಂಪ್ ನಿಲ್ಲಿಸಿದೆ. ಕನ್ನಡದಲ್ಲಿ ನಾವು ಹೇಳುವುದೇ ಹಾಗೆ. ವಸ್ತು ಮೊದಲು, ಕೆಲಸ ಆಮೇಲೆ, ‘ನಾನು’ ಎಂಬುದು ಹೇಳದಿದ್ದರೂ ನಡೆಯುತ್ತದೆ. ಪುಟದ ಮೇಲೆ ಪುಟ ತಿರುವಿದೆ. ಒಂದು ಕಡೆಯೂ ತಪ್ಪಿರಲಿಲ್ಲ. ಅವರ ಕೈ ತಾಗಿದ್ದಕ್ಕೆಲ್ಲ ವಸ್ತು ಮೊದಲು. ತಾನಾಗಿ ಆದದ್ದಕ್ಕೆಲ್ಲ ಕ್ರಿಯೆ ಮೊದಲು. ಇಂಗ್ಲಿಷ್ ಒಂದೇ ಸ್ವಿಚ್ಚಿಗೆ ಕೊಟ್ಟಿದ್ದ ಎರಡು ಲೈನುಗಳನ್ನು ಚಿಕ್ಕಪ್ಪ ಬೇರೆ ಬೇರೆ ಮಾಡಿಕೊಂಡಿದ್ದರು. ಅದು ಇಂಗ್ಲಿಷಿನವರು ಓದುವುದಕ್ಕೆ ಸರಿಯಾಗಿ ತಿರುಗುಮುರುಗಾಗಿತ್ತು, ಅಷ್ಟೇ.

ಸಂಜೆ ಓಡೋಡಿ ಅವರ ಮನೆಗೆ ಹೋಗಿ ಕೇಳಿದೆ. “ಹೂಂ ಮತ್ತೆ,” ಎಂದರು, ನಾನೇ ಪೆದ್ದಿ ಎಂಬಂತೆ. “ನೀನು ಐ ತೆಗೆದ್ಮೇಲೆ, ಯಾವ್ದು ನಾನು ಮಾಡಿದ್ದು ಯಾವ್ದು ತಾನಾಗಿ ಆಗಿದ್ದು ಅಂತ ಗುರುತು ಬೇಡ್ವಾ? ಹಂಗೆ ಮಾಡ್ಕೊಂಡೆ. ಓದೋರಿಗೆಲ್ಲ ಗೊತ್ತಾಗುತ್ತೆ ಅಂದ್ಕೊಂಡಿದ್ದೆ.”

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ‘ಐ’ ಎಂಬ ಒಂದಕ್ಷರ ಅಲ್ಲೇ ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. “ತಪ್ಪು ನನ್ನದು ಚಿಕ್ಕಪ್ಪ. ತೆಗೆದವಳು ನಾನೇ,” ಎಂದೆ. ಅಳು ಬಂತು.

“ತೆಗೆದದ್ದು ನೀನು, ತೆಗೆಸ್ಕೊಂಡಿದ್ದು ನಾನು. ಇದು ಯಾವ ಬಗೆ ಕ್ರಿಯಾಪದ, ಅದನ್ನ ಹೇಳು ನೋಡೋಣ,” ಎಂದು ಅವರು ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

ವಿಚಾರಣೆ ಬುಧವಾರ ಹತ್ತು ಗಂಟೆಗೆ. ಉದ್ದನೆಯ ಮೇಜು, ತಿರುಗಿದಾಗಲೆಲ್ಲ ಟಿಕ್ ಟಿಕ್ ಎನ್ನುವ ಫ್ಯಾನು. ವಿಚಾರಣಾಧಿಕಾರಿ ಐವತ್ತು ದಾಟಿದ ಹೆಂಗಸು. ಕೈಯಲ್ಲೊಂದು ಪೆನ್ಸಿಲ್ಲು, ಮುಂದೊಂದು ಸಣ್ಣ ಮೆಂಡರ್. ಎರಡು ಸಾಲು ಬರೆಯುವುದು, ಒಂದು ಸಲ ಮೊನೆ ಮಾಡುವುದು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಪಕ್ಕದಲ್ಲಿ ಅವತ್ತು ಕಾಯಿಲ್ ತಂದಿದ್ದ ಎಂಜಿನಿಯರ್ ಸಾಕ್ಷಿಯಾಗಿ ಕುಳಿತಿದ್ದರು. ನಾನು ಹೋದಾಗ ಪಂಪ್ ನಿಂತಿತ್ತು, ಹೇಗೆ ನಿಂತಿತೋ ನಾನು ನೋಡಿಲ್ಲ ಎಂದು ಅವರು ಮೊದಲೇ ಕೈ ತೊಳೆದುಕೊಂಡರು.

“‘ಸ್ಟಾಪ್ಡ್ ಪಂಪ್’. ಇದು ನಿಮ್ಮ ಅಕ್ಷರ ತಾನೆ?” ಎಂದರು ಅಧಿಕಾರಿ.

“ನಂದೇ ಮೇಡಂ,” ಎಂದರು ಚಿಕ್ಕಪ್ಪ. ಕೈ ಕಟ್ಟಿಕೊಂಡು ನಿಂತಿದ್ದರು. ಆ ಸೀಮೆಸುಣ್ಣದ ದಿನವೂ ಹೀಗೆಯೇ ನಿಂತಿದ್ದಿರಬೇಕು ಎನ್ನಿಸಿತು. ನಾನು ಎದ್ದೆ.

“ಮೇಡಂ, ಇದನ್ನ ನೀವು ‘ಪಂಪ್ ನಿಲ್ಲಿಸಿದೆ’ ಅಂತ ಓದ್ತಿದೀರಿ.”

“ಇಂಗ್ಲಿಷ್ ಬಲ್ಲವರು ಯಾರಾದ್ರೂ ಹಾಗೇ ಓದೋದು.”

“ಒಪ್ಪಿದೆ. ಹಾಗಾದ್ರೆ ಅದೇ ಥರ ಇದನ್ನೂ ಓದಿ,” ಎಂದು ಮೂರನೆಯ ಪುಸ್ತಕ ಬಿಡಿಸಿಟ್ಟೆ. “‘ಡೈಡ್ ರ‍್ಯಾಟ್’. ‘ಡೈ’ ಅನ್ನೋದು ಅಕರ್ಮಕ ಮೇಡಂ. ಇಲೀನ ಕೊಲ್ಲಬಹುದು. ಇಲೀನ ಸಾಯೋದಕ್ಕೆ ಯಾರಿಂದಲೂ ಆಗಲ್ಲ.”

ಅಧಿಕಾರಿಯ ಪೆನ್ಸಿಲ್ಲು ನಿಂತಿತು. ನಾನು ಇನ್ನೊಂದು ಪುಟ ತೆಗೆದೆ. “ಇಲ್ನೋಡಿ, ಬೆಳಗಿನ ಐದು ಗಂಟೆ. ‘ಸ್ಲೆಪ್ಟ್ ವಾಚ್‌ಮನ್’. ಇವರು ವಾಚ್‌ಮನ್ನನ್ನ ನಿದ್ದೆ ಮಾಡಿದ್ರಾ? ಕ್ರಿಯೆ ಮೊದಲು ಬಂದಿದ್ರೆ, ಅದು ತಾನಾಗಿ ಆದದ್ದು ಅಂತ ಇವರ ಲೆಕ್ಕ. ನಿದ್ದೆ ಹೋದ ವಾಚ್‌ಮನ್. ನಿಂತ ಪಂಪು.”

“ಈ ವಾಚ್‌ಮನ್ ಈಗ್ಲೂ ಕೆಲಸದಲ್ಲಿ ಇದಾನಾ?” ಎಂದು ಅಧಿಕಾರಿ ಕೇಳಿದರು.

ಚಿಕ್ಕಪ್ಪ ಗಾಬರಿಯಾಗಿ ಕೈ ಬಿಡಿಸಿಕೊಂಡರು. “ಒಂದೇ ಸಲ ಮೇಡಂ! ಪಾಪ, ಅವ್ನಿಗೆ ಅವತ್ತು ಮೈ ಕಾದಿತ್ತು. ನಾನು ಬರೀಬಾರ್ದಿತ್ತು.” ತಮ್ಮ ಕುತ್ತಿಗೆಗೆ ಬಂದಿರುವಾಗಲೂ ವಾಚ್‌ಮನ್ನಿನ ಚಿಂತೆ.

“ಕೊನೇದು ಅದೇ ಮಂಗಳವಾರದ ಪುಟ ಮೇಡಂ. ‘10.05. ಕೇಮ್ ಎಂಜಿನಿಯರ್’.” ನಾನು ಎಂಜಿನಿಯರ್ ಕಡೆ ತಿರುಗಿದೆ. “ಸಾರ್, ನೀವಾಗೇ ಬಂದ್ರೋ, ಇಲ್ಲ ಇವರು ನಿಮ್ಮನ್ನ ಬಂದ್ರೋ?”

ಎಂಜಿನಿಯರ್‌ಗೆ ನಗು ತಡೆಯಲಾಗಲಿಲ್ಲ. “ನಾನಾಗೇ ಬಂದೆ. ಲೇಟಾಗಿ ಬಂದೆ. ಕಾಯಿಲ್ ಹಳೇದಾಗಿತ್ತು, ಬದಲಾಯಿಸಿ ಅಂತ ಇವರು ಎರಡು ಸಲ ಬರೆದುಕೊಟ್ಟಿದ್ರು, ಅದೂ ನಿಜ,” ಎಂದರು. ಅಷ್ಟು ಹೊತ್ತು ಎಲ್ಲಿಟ್ಟಿದ್ದರೋ ಆ ನಿಜವನ್ನು.

“ಇನ್ನು ‘ಪಂಪ್ ಸ್ಟಾಪ್ಡ್’ ನೋಡಿ ಮೇಡಂ. ಐದು ವರ್ಷದಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ, ದಿನಾ ಸಂಜೆ ಏಳಕ್ಕೆ. ಪಂಪ್ ತಾನಾಗೇ ನಿಂತಿತು ಅಂತ ಓದಿದ್ರೆ, ಅಷ್ಟು ಶಿಸ್ತಿನ ಪಂಪು ಎಲ್ಲೂ ಇರಲಿಕ್ಕಿಲ್ಲ.”

ಅಧಿಕಾರಿ ಪುಸ್ತಕಗಳನ್ನು ಎಳೆದುಕೊಂಡು ಒಂದೊಂದೇ ಪುಟ ತಿರುವತೊಡಗಿದರು. ಕಾಲು ಗಂಟೆಯಾಯಿತು. ಕೊನೆಗೆ ಅವರು ಏನನ್ನೋ ಬರೆದುಕೊಳ್ಳಲು ಹೋದಾಗ ಪೆನ್ಸಿಲ್ಲಿನ ಮೊನೆ ಪಟ್ಟನೆ ಮುರಿಯಿತು.

ಅವರು ಅದನ್ನು ಎತ್ತಿ ಹಿಡಿದು ನೋಡಿದರು. ಆಮೇಲೆ ಒಂದು ಹಾಳೆಯನ್ನೂ ತಮ್ಮ ಪೆನ್ನನ್ನೂ ಚಿಕ್ಕಪ್ಪನ ಮುಂದೆ ತಳ್ಳಿದರು. “ಈಗ ಇಲ್ಲಿ ಏನಾಯ್ತೋ ಅದನ್ನ ನಿಮ್ಮ ಪುಸ್ತಕದಲ್ಲಿ ಬರೆಯೋ ಹಾಗೆ ಬರೀರಿ. ನೀವು ಬಾಯಿ ಬಿಡಬೇಡಿ ಟೀಚರ್.”

ಚಿಕ್ಕಪ್ಪ ಗಡಿಯಾರ ನೋಡಿಕೊಂಡು ಬರೆದರು: ‘10.50. ಬ್ರೋಕನ್ ಪೆನ್ಸಿಲ್.’

ಅಧಿಕಾರಿ ಆ ಪೆನ್ಸಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಲಟಕ್ಕನೆ ನಡುವೆ ಮುರಿದು ಮೇಜಿನ ಮೇಲಿಟ್ಟರು. “ಈಗ?”

ಚಿಕ್ಕಪ್ಪ ಎರಡು ತುಂಡುಗಳನ್ನೂ ನೋಡಿದರು. ಒಳ್ಳೆಯ ಪೆನ್ಸಿಲ್ ಹಾಳಾಯಿತಲ್ಲ ಎಂದು ಅವರಿಗೆ ಬೇಜಾರಾದದ್ದು ಮುಖದಲ್ಲೇ ಕಾಣುತ್ತಿತ್ತು. ನಿಧಾನವಾಗಿ ಬರೆದರು: ‘10.51. ಪೆನ್ಸಿಲ್ ಬ್ರೋಕನ್.’

ಅಧಿಕಾರಿ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಎರಡು ಸಲ ಓದಿದರು. ಆಗ ನಕ್ಕರು. ಬಾಯಿಗೆ ಕೈ ಅಡ್ಡ ಹಿಡಿದು, ಕನ್ನಡಕ ತೆಗೆದು, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. “ಎಂಥ ಇಂಗ್ಲಿಷ್ ರೀ ಇದು! ಆದ್ರೆ ಇಷ್ಟು ಕರಾರುವಾಕ್ಕಾದ ಪುಸ್ತಕ ನಾನು ಕಂಡಿಲ್ಲ,” ಎಂದರು. ಆರೋಪ ಎರಡೂ ಬಿದ್ದುಹೋದವು ಎಂದು ಅಲ್ಲೇ ಬರೆದು ಸಹಿ ಹಾಕಿದರು. ಬರೆದದ್ದು ಪೆನ್ನಿನಲ್ಲಿ. “ಒಂದೇ ಒಂದು ಷರತ್ತು. ಇನ್ನು ಮುಂದೆ ನೀವು ಮಾಡಿದ್ದಕ್ಕೆಲ್ಲ ‘ಐ’ ಅಂತ ಮೊದಲು ಬರೀಬೇಕು. ಅದನ್ನ ಯಾಕೆ ಬಿಟ್ರಿ?”

ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. “ಮರೆತುಹೋಗಿತ್ತು ಮೇಡಂ,” ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಎದೆಯ ಮೇಲಿದ್ದ ಚಪ್ಪಡಿ ಇಳಿದಂತಾಗಿ ಅಳುವೂ ನಗುವೂ ಒಟ್ಟಿಗೇ ಬಂತು. ಅಷ್ಟು ಹಗುರಾದದ್ದು ನನಗೆ ಬೇರೆ ಯಾವ ದಿನವೂ ನೆನಪಿಲ್ಲ. ಚಿಕ್ಕಪ್ಪ ಪಕ್ಕದಲ್ಲಿ ಕುಳಿತು ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟರು. ಅದಕ್ಕೆ ಗ್ರೀಸಿನ ವಾಸನೆ ಇತ್ತು.

“ಪಾಸಾದ್ನಾ ಟೀಚರಮ್ಮ?”

“ಪಾಸು ಚಿಕ್ಕಪ್ಪ. ಫಸ್ಟ್ ಕ್ಲಾಸು.”

ಮನೆಯ ಬಾಗಿಲಲ್ಲೇ ಚಿಕ್ಕಮ್ಮ ನಿಂತಿದ್ದರು. ಬೆಳಿಗ್ಗೆಯಿಂದ ನಿಂತೇ ಇದ್ದರಂತೆ. “ಏನಾಯ್ತು ರೀ?” ಎಂದರು. “ಏನೂ ಆಗ್ಲಿಲ್ಲ,” ಎಂದರು ಚಿಕ್ಕಪ್ಪ. ಚಿಕ್ಕಮ್ಮ ಅಷ್ಟಕ್ಕೇ ಹೊಸಿಲ ಮೇಲೆ ಕುಳಿತು, ಕಾಲು ಚಾಚಿ, “ಸದ್ಯ!” ಎಂದು ಉದ್ದಕ್ಕೆ ಉಸಿರು ಬಿಟ್ಟರು. ವಾಚ್‌ಮನ್ ಮಾತ್ರ ಒಂದು ವಾರ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದ. ಆಮೇಲೆ ಅವನೇ ಎಲ್ಲರಿಗೂ ‘ಸ್ಲೆಪ್ಟ್ ವಾಚ್‌ಮನ್’ ಕತೆಯನ್ನು ಹೇಳಿಕೊಂಡು ತಿರುಗಿದ.

ಉಳಿದ ತಿಂಗಳುಗಳಲ್ಲೆಲ್ಲ ಚಿಕ್ಕಪ್ಪ ಸಾಲಿಗೊಂದು ‘ಐ’ ಬರೆದರು. ಐ ಓಪನ್ಡ್ ದಿ ವಾಲ್ವ್. ಐ ಸ್ಟಾರ್ಟೆಡ್ ದಿ ಪಂಪ್. ನಾನು ಆಗಾಗ ಹೋಗಿ ನೋಡುತ್ತಿದ್ದೆ, ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು. ಆ ‘ಐ’ಯನ್ನು ಅವರು ಎಷ್ಟು ನೆಟ್ಟಗೆ, ಎಷ್ಟು ಅಕ್ಕರೆಯಿಂದ ಎಳೆಯುತ್ತಿದ್ದರೆಂದರೆ, ಐದು ವರ್ಷ ಅದನ್ನು ಅವರಿಂದ ಕಸಿದುಕೊಂಡಿದ್ದೆನಲ್ಲ ಎಂದು ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು.

ಕೊನೆಯ ದಿನ ಬೆಳಿಗ್ಗೆ ನಾನೂ ಚಿಕ್ಕಮ್ಮನೂ ಪಂಪ್ ಹೌಸಿಗೆ ಹೋದೆವು. ಚಿಕ್ಕಪ್ಪನ ಜಾಗಕ್ಕೆ ಬಂದಿದ್ದ ಹೊಸ ಆಪರೇಟರ್ ಹುಡುಗಿ ಬಿಳಿಚಿಕೊಂಡ ಕೆಂಪು ಗುಂಡಿಯ ಮುಂದೆ ನಿಂತಿದ್ದಳು. ಒಂಬತ್ತಾಗುತ್ತಲೇ ಚಿಕ್ಕಪ್ಪ ತಲೆ ಆಡಿಸಿದರು, ಅವಳು ಒತ್ತಿದಳು. ಮೋಟಾರಿನ ಸದ್ದು ಇಳಿಯುತ್ತ ಇಳಿಯುತ್ತ ಕೋಣೆ ಸುಮ್ಮನಾಯಿತು. ಅವಳು ದಿನಚರಿಯಲ್ಲಿ ತನ್ನ ಮೊದಲ ಸಾಲು ಬರೆದಳು: ‘9.00. ಐ ಸ್ಟಾಪ್ಡ್ ದಿ ಪಂಪ್.’ ಆಮೇಲೆ ಪುಸ್ತಕವನ್ನು ಚಿಕ್ಕಪ್ಪನ ಕಡೆ ಸರಿಸಿ, “ನೀವೂ ಒಂದು ಸಾಲು ಬರೀರಿ ಅಂಕಲ್,” ಎಂದಳು.

ಚಿಕ್ಕಪ್ಪ ಗಡಿಯಾರ ನೋಡಿದರು. ಅವಳ ಸಾಲಿನ ಕೆಳಗೆ ಗುಂಡು ಅಕ್ಷರದಲ್ಲಿ ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದರು. ನಾನು ಬಗ್ಗಿ ಓದಿದೆ. ‘9.02. ಐ ಸ್ಟಾಪ್ಡ್.’

ಅಭ್ಯಾಸಬಲ, ನನ್ನ ಬಾಯಿ ಸುಮ್ಮನಿರಲಿಲ್ಲ. “ಏನನ್ನು ಅಂತ ಬರೀಲೇ ಇಲ್ವಲ್ಲ ಚಿ‍ಕ್ಕಪ್ಪ?”

“ಈ ಸಲ ಲೋಡ್ ಇಲ್ಲ ಕಣೇ,” ಎಂದರು ಚಿಕ್ಕಪ್ಪ. “ನಾನೇ ನಿಂತೆ.”